ರೇಣುಕಾ ಕುಳಿತರೆ ನಿಲ್ಲುತ್ತಿದ್ದ ಬೈಕು

ಕೊರೊನಾ ಕಳೆದ ಮರುವರ್ಷದ ಮಾತು. ಆಗ ನಾನು ಯಲಬುರ್ಗಾದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬೈಕ್ ಗ್ಯಾರೇಜು ನಡೆಸುತ್ತಿದ್ದೆ. ಆ ಹೊತ್ತಿಗೆ ಈ ಕೆಲಸದಲ್ಲಿ ಇಪ್ಪತ್ತೆಂಟು ವರ್ಷ ಕಳೆದಿದ್ದವು. ಈಗ ಮೊಣಕಾಲು ಕೈಕೊಟ್ಟಿರುವುದರಿಂದ ಅಂಗಡಿಯನ್ನು ಅಳಿಯ ನೋಡಿಕೊಳ್ಳುತ್ತಾನೆ. ಬಿಚ್ಚಿ ಕೂಡಿಸಿದ ಗಾಡಿಗಳ ಲೆಕ್ಕ ನನ್ನಲ್ಲಿಲ್ಲ, ಹೆಚ್ಚಿನವು ನೆನಪಿನಲ್ಲೂ ಇಲ್ಲ. ತಳಕಲ್ಲಿನ ಬಸವರಾಜನ ಗಾಡಿಯನ್ನು ಮಾತ್ರ ಮರೆತಿಲ್ಲ.

ಅದು ಅವನ ತಂದೆಯ ಕಾಲದ ಹಳೆಯ ಬೈಕು. ತಂದೆಗೆ ಅದರ ಮೇಲೆ ಎಷ್ಟು ಪ್ರೀತಿಯೆಂದರೆ ವಾರಕ್ಕೊಮ್ಮೆ ಸೀಮೆಎಣ್ಣೆಯ ಬಟ್ಟೆಯಲ್ಲಿ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸುತ್ತಿದ್ದರು. ಮಗನ ಮದುವೆಯಾಗಿ ಹದಿನೆಂಟನೆಯ ದಿನ ಅವರು ಎದೆನೋವಿನಿಂದ ತೀರಿಕೊಂಡರು. ಬಸವರಾಜ ಕೊಪ್ಪಳದ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ದಿನವೂ ಅದೇ ಗಾಡಿಯ ಮೇಲೆ ಒಬ್ಬನೇ ಹೋಗಿ ಬರುತ್ತಿದ್ದ.

ತಂದೆ ತೀರಿಕೊಂಡು ಎರಡು ತಿಂಗಳಾದ ಮೇಲೆ ಅವನು ನನ್ನಲ್ಲಿಗೆ ಬಂದ. ಮುಖ ಸಪ್ಪಗಿತ್ತು.

"ಚಾಚಾ, ನಾ ಒಬ್ಬನ ಹೊಂಟ್ರ ಗಾಡಿಗೆ ಏನೂ ಆಗಂಗಿಲ್ರಿ. ನಮ್ಮಾಕಿ ಹಿಂದ ಕುಂತ್ರ ಸಾಕು, ಎರಡು ಮೂರು ಕಿಲೋಮೀಟರಿನ್ಯಾಗ ಬಂದ್ ಬೀಳ್ತೈತಿ. ಆಕಿ ಇಳದ್ಲು ಅಂದ್ರ ಒಂದ ಕಿಕ್ಕಿಗೆ ಚಾಲೂ. ಅವ್ವ ಬ್ಯಾರೇನ ಅನ್ನಾಕತ್ಯಾಳ್ರಿ."

ಅವನ ಹೆಂಡತಿ ರೇಣುಕಾಳ ತವರು ಆನೆಗೊಂದಿ. ಮೊದಲ ಸಲ ಗಂಡ ಹೆಂಡತಿ ತವರಿಗೆ ಹೊರಟ ದಿನವೇ ಗಾಡಿ ಮೂರು ಕಡೆ ನಿಂತಿತಂತೆ. ಬಸವರಾಜನ ತಾಯಿ ಗಂಗವ್ವ ಅದನ್ನು ಕೇಳಿ, ಇದು ಸೊಸೆಯ ಕಾಲ್ಗುಣ, ಅವಳು ಕುಳಿತುಕೊಳ್ಳುವುದು ತೀರಿಹೋದ ತನ್ನ ಗಂಡನಿಗೆ ಇಷ್ಟವಿಲ್ಲ, ಅದಕ್ಕೇ ಅವರು ಗಾಡಿ ನಿಲ್ಲಿಸುತ್ತಿದ್ದಾರೆ ಎಂದಿದ್ದಳು.

ನಾನು ನಕ್ಕೆ. "ಕಾಲ್ಗುಣ ಅಲ್ಲೋ ಮಾರಾಯಾ, ಇದು ಪಾಯಿಂಟಿನ ಗುಣ," ಎಂದೆ.

ಹಳೆಯ ಗಾಡಿಗಳಲ್ಲಿ ಪ್ಲಗ್ಗಿಗೆ ಕಿಡಿ ಕೊಡುವುದು ಪಾಯಿಂಟ್ ಎಂಬ ಸಣ್ಣ ಭಾಗ. ಎಂಜಿನ್ ತಿರುಗಿದಂತೆ ಅದರ ಎರಡು ಲೋಹದ ಮುಖಗಳು ಕೂಡುತ್ತ ಬಿಡುತ್ತ ಇರುತ್ತವೆ. ಬಿಟ್ಟ ಗಳಿಗೆಗೆ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಆ ಮುಖಗಳು ಸವೆದರೆ, ಕರಿ ಹಿಡಿದರೆ ಗಾಡಿ ಸತಾಯಿಸುತ್ತದೆ. ಇಬ್ಬರು ಕುಳಿತಾಗ ಎಂಜಿನ್ನಿಗೆ ಭಾರ ಹೆಚ್ಚು, ಬಿಸಿ ಹೆಚ್ಚು, ಬಿಸಿಯಾದಾಗ ಕಿಡಿ ಸೋಲುತ್ತದೆ ಎಂದು ನಾನು ತರ್ಕ ಮಾಡಿದೆ. ಬಿಚ್ಚಿ ನೋಡಿದರೆ ಪಾಯಿಂಟು ನಿಜವಾಗಿಯೂ ಸವೆದಿತ್ತು. ನನ್ನ ತರ್ಕಕ್ಕೆ ಅಷ್ಟು ಸಾಕಾಯಿತು.

ಇಗ್ನಿಷನ್, ಅಂದರೆ ಕಿಡಿ ಕೊಡುವ ವ್ಯವಸ್ಥೆಯನ್ನೇ ಪೂರ್ತಿ ಬದಲಿಸೋಣ ಎಂದೆ. ಪಾಯಿಂಟ್ ಇಲ್ಲದ, ಎಲೆಕ್ಟ್ರಾನಿಕ್ ರೀತಿಯ ಸೆಟ್ಟನ್ನು ಗಂಗಾವತಿಯಿಂದ ತರಿಸಿದೆ. ಪುಲ್ಲರ್ ಎಂಬ ಸಲಕರಣೆ ಹಾಕಿ ಮ್ಯಾಗ್ನೆಟ್ ಚಕ್ರ ಎಳೆದು ತೆಗೆದೆ, ಹಳೆಯ ಪ್ಲೇಟು, ಕಂಡೆನ್ಸರ್, ಕಾಯಿಲ್ ಎಲ್ಲ ತೆಗೆದೆ. ಹೊಸ ಪ್ಲೇಟು ಕೂಡಿಸಿ, ಗುರುತಿಗೆ ಗುರುತು ಹೊಂದಿಸಿ ಕಿಡಿಯ ಟೈಮಿಂಗ್ ಇಟ್ಟೆ. ಪಾಯಿಂಟಿನ ಕೆಲಸ ಮಾಡುವ ಸಿಡಿಐ ಡಬ್ಬಿ, ಹೊಸ ಕಾಯಿಲ್, ಹೊಸ ಪ್ಲಗ್ ಹಾಕಿದೆ. ಕುಷ್ಟಗಿ ರಸ್ತೆಯಲ್ಲಿ ಎಂಟು ಕಿಲೋಮೀಟರ್ ಓಡಿಸಿ ನೋಡಿದೆ. ಗಾಡಿ ಒಮ್ಮೆಯೂ ಸೀನಲಿಲ್ಲ.

ಬಸವರಾಜನ ಕೈಗೆ ಕೀಲಿ ಕೊಡುವಾಗ ಎದೆ ತಟ್ಟಿ ಹೇಳಿದೆ: "ಇನ್ನ ಗಾಡಿಯೊಳಗ ದೋಷ ಇಲ್ಲ. ನಿಮ್ಮವ್ವಗ ಹೇಳು, ಇಮಾಮಸಾಬ ಹೇಳ್ಯಾನ ಅಂತ."

ಹತ್ತು ದಿನಗಳ ಮೇಲೆ ಅವನು ಮತ್ತೆ ಬಂದ. ಅವನು ಬಂದದ್ದು ಬೈಕಿನ ಮೇಲೆ. ಸ್ವಲ್ಪ ಹೊತ್ತಿನಲ್ಲಿ ರೇಣುಕಾ ಬಸ್ ಇಳಿದು, ಕೈಯಲ್ಲಿ ಒಂದು ಬಟ್ಟೆಯ ಚೀಲ ಹಿಡಿದು ನಡೆದು ಬಂದಳು. ಗಂಡ ಹೆಂಡತಿ ಒಂದೇ ಊರಿನಿಂದ ಬೇರೆ ಬೇರೆಯಾಗಿ ಬಂದದ್ದು ನೋಡಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟೆ.

"ಮತ್ತ ನಿಂತೈತ್ರಿ ಚಾಚಾ," ಎಂದ ಬಸವರಾಜ. "ಅವ್ವ ಈಗ ನಿಮ್ಮ ಮಾತ ಹಿಡದಾಳ. ಗಾಡಿಯೊಳಗ ದೋಷ ಇಲ್ಲ ಅಂತ ಮಿಸ್ತ್ರಿನ ಹೇಳ್ಯಾನ, ಹಂಗಾರ ದೋಷ ಯಾರಿಗೈತಿ ಅಂತಾಳ. ಈಕಿನ್ನ ಸ್ವಲ್ಪ ದಿವಸ ಆನೆಗೊಂದಿಗೆ ಬಿಟ್ಟು ಬಾ ಅಂದಾಳ್ರಿ."

ಸ್ವಲ್ಪ ದಿವಸ ಎಂದರೆ ಎಷ್ಟು ಎಂದು ಯಾರೂ ಹೇಳಿರಲಿಲ್ಲ. ಬಸವರಾಜ ನೆಲ ನೋಡುತ್ತಿದ್ದ. ರೇಣುಕಾ ಅಳುತ್ತಿರಲಿಲ್ಲ. ಅವಳು ಗಾಡಿಯನ್ನೇ ನೋಡುತ್ತಿದ್ದಳು.

"ಚಾಚಾರಿ, ನೀವು ಗಾಡಿ ಹೊಡದು ನೋಡೀನಿ ಅಂದಿದ್ರಂತಲ್ಲ, ಹಿಂದ ಯಾರನ್ನರ ಕುಂದರಿಸಿಕೊಂಡಿದ್ರೇನ್ರಿ?"

"ಇಲ್ಲವ್ವಾ, ಒಬ್ಬನ ಹೋಗಿದ್ದೆ."

"ಹಂಗಾರ ನನ್ನ ಬದಲಿ ಒಂದು ಚೀಲ ಹೇರಿ ನೋಡ್ರಿ. ಚೀಲಕ್ಕ ಕಾಲ್ಗುಣ ಇರಂಗಿಲ್ಲಲ್ರಿ."

ಇಪ್ಪತ್ತೆಂಟು ವರ್ಷದ ಅನುಭವಿಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ಪಕ್ಕದ ಅಂಗಡಿಯಿಂದ ಐವತ್ತು ಕಿಲೋದ ಹಿಂಡಿ ಚೀಲ ತಂದು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದೆವು. ನಾನೇ ಓಡಿಸಿಕೊಂಡು ಹೊರಟೆ. ಊರು ದಾಟುವ ಮೊದಲೇ ರಸ್ತೆಯ ಉಬ್ಬೊಂದನ್ನು ಹಾರಿದ ಕೂಡಲೇ ಎಂಜಿನ್ ತಟ್ಟನೆ ಸತ್ತಿತು. ಎಷ್ಟು ಕಿಕ್ ಹೊಡೆದರೂ ಉಸಿರಿಲ್ಲ. ಅಲ್ಲೇ ಪ್ಲಗ್ ಬಿಚ್ಚಿ ನೋಡಿದೆ, ಕಿಡಿ ಇಲ್ಲ. ಹಗ್ಗ ಸಡಿಲಿಸಿ ಚೀಲ ಇಳಿಸಿ ಮತ್ತೆ ಒದ್ದೆ. ನೀಲಿ ಕಿಡಿ ಚಟಚಟ ಹಾರಿತು.

ಚೀಲವನ್ನು ಮತ್ತೆ ಹೇರಿ ಗ್ಯಾರೇಜಿಗೆ ತಳ್ಳಿಕೊಂಡು ಬಂದು ಸೀಟು ಬಿಚ್ಚಿದೆ. ಎಂಜಿನ್ನಿನಿಂದ ಕೀ ಸ್ವಿಚ್ಚಿಗೆ ಹೋಗುವ ಒಂದು ತಂತಿ ಅಲ್ಲಿ ಹಾದು ಹೋಗುತ್ತದೆ. ಕೀಲಿ ತಿರುವಿ ಬಂದ್ ಮಾಡಿದಾಗ ಅದು ಗಾಡಿಯ ಕಬ್ಬಿಣಕ್ಕೆ ತಾಗಿದಂತಾಗಿ ಕಿಡಿ ನಿಲ್ಲುತ್ತದೆ. ಎಲ್ಲವನ್ನೂ ಬದಲಿಸಿದ್ದ ನಾನು ಆ ಒಂದು ಹಳೆಯ ತಂತಿಯನ್ನು ಮಾತ್ರ ಉಳಿಸಿಕೊಂಡಿದ್ದೆ. ಸೀಟಿನ ತಗಡಿನ ಅಂಚಿಗೂ ಫ್ರೇಮಿಗೂ ನಡುವೆ ಸಿಕ್ಕಿ ಅದರ ಮೇಲಿನ ರಬ್ಬರು ಕತ್ತರಿಸಿಹೋಗಿತ್ತು. ಹಿಂದೆ ಭಾರ ಬಿದ್ದು ಗಾಡಿ ಕುಲುಕಿದಾಗಲೆಲ್ಲ ತಾಮ್ರ ಕಬ್ಬಿಣಕ್ಕೆ ತಾಗಿ, ಭಾರ ಇಳಿಯುವವರೆಗೂ ಹಾಗೇ ಒತ್ತಿಕೊಂಡಿರುತ್ತಿತ್ತು. ಯಾರೋ ಕೀಲಿ ಬಂದ್ ಮಾಡಿದ ಹಾಗೆ ಗಾಡಿ ನಿಲ್ಲುತ್ತಿತ್ತು.

ಆ ತಂತಿ ಅಲ್ಲಿ ಸಿಕ್ಕಿದ್ದು ಹೇಗೆಂದು ಆಗ ನೆನಪಾಯಿತು. ಮದುವೆಗೆ ಮುಂಚೆ ಬಸವರಾಜನ ತಂದೆ ಬಂದು, ಸೊಸೆ ಕುಳಿತುಕೊಳ್ಳುವ ಸೀಟು ಮೆತ್ತಗಿರಲಿ ಎಂದು ಹೊಸ ಸೀಟು ಹಾಕಿಸಿದ್ದರು. ಅವಸರದಲ್ಲಿ ಅದನ್ನು ಕೂಡಿಸಿ ಬೋಲ್ಟು ಬಿಗಿದವನು ನಾನೇ.

ಹೇಳದೆ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಗಳಿಗೆ ಆ ಯೋಚನೆಯೂ ಬಂತು, ಸುಳ್ಳು ಏಕೆ ಹೇಳಲಿ. ಆದರೆ ರೇಣುಕಾ ಆ ರಬ್ಬರು ಹರಿದ ತಂತಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. "ಇದು ನನ್ನ ಕೈತಪ್ಪವ್ವಾ," ಎಂದೆ. ಅವಳು ತಲೆಯೆತ್ತಿ, "ಇದನ್ನ ನಮ್ಮ ಅತ್ತಿ ಮುಂದ ಹೇಳ್ತೀರೇನ್ರಿ?" ಎಂದಳು.

ಹೊಸ ತಂತಿ ಎಳೆದು, ತಗಡಿನ ಅಂಚಿನಿಂದ ದೂರ ಕಟ್ಟಿ, ಗಂಡ ಹೆಂಡತಿಯನ್ನು ಅದೇ ಗಾಡಿಯ ಮೇಲೆ ಕೂರಿಸಿ ಕಳಿಸಿದೆ. ನಾನು ನನ್ನ ಗಾಡಿಯಲ್ಲಿ ಹಿಂದೆಯೇ ಹೋದೆ. ತಳಕಲ್ಲಿನವರೆಗೆ ಅದು ಎಲ್ಲೂ ನಿಲ್ಲಲಿಲ್ಲ.

ಗಂಗವ್ವ ಕಟ್ಟೆಯ ಮೇಲೆ ಕುಳಿತು ಕಡಲೆ ಹಸನು ಮಾಡುತ್ತಿದ್ದಳು. ರಬ್ಬರು ಹರಿದ ಆ ತಂತಿಯನ್ನು ಅವಳ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. ಕಡಲೆಯ ಮೊರದಿಂದ ಕೈ ತೆಗೆದು ಕೇಳಿದಳು:

"ಹಂಗಾರ ಅವರು ನಿಂದರಿಸ್ತಿರಲಿಲ್ಲೇನು, ಇಮಾಮಸಾಬ?"

"ಇಲ್ಲವ್ವ."

"ಸಿಟ್ಟು ಮಾಡ್ಕೊಂಡಾದ್ರೂ ಅವರು ಇಲ್ಲೇ ಎಲ್ಲೋ ಅದಾರ ಅಂದ್ಕೊಂಡಿದ್ದೆ."

ಬಾಗಿಲ ಬಳಿ ನಿಂತಿದ್ದ ರೇಣುಕಾ ಬಂದು ಅತ್ತೆಯ ಪಕ್ಕ ಕುಳಿತಳು. "ಅತ್ತಿ, ನನಗ ಮಾವಾರು ಸಿಕ್ಕಿದ್ದು ಬರೀ ಹದಿನೆಂಟು ದಿವಸ. ದಿನಾ ಸಂಜಿಕ ಬಾಳಿಹಣ್ಣು ತರ್ತಿದ್ರು. ನಿಮ್ಮ ಆನೆಗೊಂದಿ ಹಣ್ಣಿನಂಗ ಇಲ್ಲಲ್ಲವಾ ಅಂತ ಕೇಳಿ ತಾವ ನಗ್ತಿದ್ರು," ಎಂದಳು. ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಗಂಡ ಹೋದ ಮೇಲೆ ಅವಳು ಬಾಯಿಬಿಟ್ಟು ಅತ್ತದ್ದು ಅಂದೇ ಎಂದು ಬಸವರಾಜ ಆಮೇಲೆ ಹೇಳಿದ. ಸೊಸೆಯ ಕ್ಷಮೆಯನ್ನು ಅವಳು ಮಾತಿನಲ್ಲಿ ಕೇಳಲಿಲ್ಲ. ಕಣ್ಣೊರೆಸಿಕೊಂಡು, "ಇಮಾಮಸಾಬಗ ಚಾ ಮಾಡವಾ. ನಿನಗೂ ಇಟಗೋ, ಬೆಳಿಗ್ಗಿಂದ ಏನೂ ತಿಂದಿಲ್ಲ ನೀ," ಎಂದಳಷ್ಟೆ.

ಆ ವಾರ ಗಂಡ ಹೆಂಡತಿ ಆನೆಗೊಂದಿಗೆ ಹೋಗಿ, ಎರಡು ದಿನವಿದ್ದು, ಒಂದು ಗೊನೆ ಬಾಳೆಹಣ್ಣು ಹೇರಿಕೊಂಡು ಬಂದರು.

ಭಾರವಿಟ್ಟು ಓಡಿಸಿ ನೋಡದೆ ಯಾವ ಗಾಡಿಯನ್ನೂ ಕೊಡಬೇಡ ಎಂದು ಅಳಿಯನಿಗೆ ಹೇಳಿದ್ದೇನೆ. ಅದು ಕೈಕೆಲಸದ ಪಾಠ. ನನ್ನನ್ನು ಹೆಚ್ಚು ಕಾಡಿದ್ದು ನಾನು ಆಡಿದ ಮಾತು. ಹೊಸ ಸಾಮಾನು ಹಾಕಿದ ಧೈರ್ಯದಲ್ಲಿ ದೋಷವೇ ಇಲ್ಲ ಎಂದುಬಿಟ್ಟಿದ್ದೆ, ಆ ಮಾತು ತಳಕಲ್ಲಿನ ಒಂದು ಮನೆಯಲ್ಲಿ ತೀರ್ಪಾಗಿ ಹೋಗಿತ್ತು. ಅಂದಿನಿಂದ ದೋಷ ಕಾಣದ ಗಾಡಿ ಬಂದರೆ, ನನಗಿನ್ನೂ ಸಿಕ್ಕಿಲ್ಲ ಎಂದಷ್ಟೇ ಹೇಳುತ್ತೇನೆ.