ದೇವಿ ಹಾಕುತ್ತಿದ್ದ ಅಕ್ಕೋರು

ಹೋದ ವಾರ ಬುಕ್ಕಸಾಗರದಿಂದ ಬಂದ ನಮ್ಮ ಬೀಗರು ಒಂದು ಮಾರುದ್ದದ ಬಾಳೆದಿಂಡು ತಂದುಕೊಟ್ಟರು. ಪಲ್ಯಕ್ಕೆಂದು ಹೊರಪದರ ಬಿಡಿಸಿ ಇಳಿಗೆಮಣೆಗೆ ಇಟ್ಟೆ. ಮೊದಲ ಹೋಳು ಕೊಯ್ದಾಗ ತಣ್ಣನೆಯ ನೀರು ಒಸರಿ ಬೆರಳ ಸಂದಿಗೆ ಇಳಿಯಿತು. ಜೊತೆಗೇ ಆ ವಾಸನೆ... ಹಸಿ, ಒಗರು, ಒಂದಿಷ್ಟು ಕೆಸರಿನ ವಾಸನೆ. ಕೈ ಅಲ್ಲೇ ನಿಂತಿತು. ಬೇಳೆ ಉಕ್ಕಿ ಒಲೆ ಆರಿದ್ದೂ ನನಗೆ ತಿಳಿಯಲಿಲ್ಲ.

ನಾನು ಒಂಬತ್ತು ವರ್ಷದವಳಿದ್ದಾಗ ನಮ್ಮ ಕಂಪ್ಲಿಯ ಮನೆಯ ಪಡಸಾಲೆಯಲ್ಲಿ ಒಬ್ಬ ಹೆಂಗಸು ಬಾಡಿಗೆಗೆ ಇದ್ದರು. ಮನೆಮನೆಗೆ ಹೋಗಿ ಕೂಸುಗಳಿಗೆ ದೇವಿ ಹಾಕುವುದು ಅವರ ಕೆಲಸ. ಸಿಡುಬು ಬಾರದಂತೆ ತೋಳಿನ ಮೇಲೆ ಗೀರಿ ಔಷಧ ಸವರುವುದಕ್ಕೆ ಆಗ ಹಾಗೆನ್ನುತ್ತಿದ್ದರು. ನಮ್ಮ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲ ಅದು. ಗಂಡಸರ ಮುಂದೆ ಬಾರದ ಹೆಂಗಸರಿರುವ ಮನೆಗಳಿಗೆಂದು ಸರ್ಕಾರ ಅಲ್ಲೊಬ್ಬರು ಇಲ್ಲೊಬ್ಬರು ಹೆಂಗಸರನ್ನೂ ಈ ಕೆಲಸಕ್ಕೆ ಇಟ್ಟುಕೊಂಡಿತ್ತು. ಊರವರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದರು, ನಾವೂ ಹಾಗೇ ಅಂದೆವು.

ಅಕ್ಕೋರು ಗಂಡನನ್ನು ಕಳೆದುಕೊಂಡವರು. ಸಣ್ಣವರಿದ್ದಾಗ ಸಿಡುಬು ಬಂದು ಮುಖವೆಲ್ಲ ಗುಳಿಬಿದ್ದಿತ್ತು. ಅವರ ಕನ್ನಡದಲ್ಲಿ ತೆಲುಗು ಬೆರೆತಿರುತ್ತಿತ್ತು. ನನ್ನನ್ನು ‘ತಲ್ಲಿ’ ಎಂದು ಕರೆಯುತ್ತಿದ್ದರು, ತಾಯಿ ಎಂದು. ಅಲ್ಲಿಯವರೆಗೆ ನನ್ನನ್ನು ಎಲ್ಲರೂ ‘ಲೇ’ ಎಂದೇ ಕರೆದಿದ್ದರು. ಹಾಗಾಗಿ ಆ ಒಂದು ಮಾತಿಗೇ ನಾನು ಅವರ ಹಿಂದೆ ಬಾಲದಂತೆ ತಿರುಗುತ್ತಿದ್ದೆ.

ಔಷಧ ಮದ್ರಾಸಿನಿಂದ ರೈಲಿನಲ್ಲಿ ಹೊಸಪೇಟೆಗೆ ಬಂದು, ಅಲ್ಲಿಂದ ಟಪ್ಪಾಲಿನಲ್ಲಿ ನಮ್ಮೂರಿಗೆ ಬರುತ್ತಿತ್ತು. ಕಡ್ಡಿಯಷ್ಟು ಸಣ್ಣ ಗಾಜಿನ ಕೊಳವೆಗಳು, ಒಳಗೆ ಕರುವಿನ ಮೈಯಿಂದ ತೆಗೆದ ರಸ. ನಮ್ಮ ಬಿಸಿಲಿಗೆ ಆ ರಸ ಬಹಳ ದಿನ ಬದುಕುತ್ತಿರಲಿಲ್ಲ. ಅದಕ್ಕೇ ಅಕ್ಕೋರು ಹಸಿ ಬಾಳೆದಿಂಡನ್ನು ನಡುವೆ ಕೊರೆದು, ಕೊಳವೆಗಳ ಡಬ್ಬಿಯನ್ನು ಅದರೊಳಗೆ ತೂರಿಸಿ, ಮೇಲೆ ಒದ್ದೆ ಗೋಣಿತಟ್ಟು ಸುತ್ತಿ ಬಚ್ಚಲ ಮಗ್ಗುಲಲ್ಲಿ ಇಡುತ್ತಿದ್ದರು. ನಮ್ಮಪ್ಪ ತೋಟದಿಂದ ಎರಡು ದಿನಕ್ಕೊಮ್ಮೆ ಹೊಸ ದಿಂಡು ತರುತ್ತಿದ್ದ. ಗೋಣಿಗೆ ನೀರು ಚಿಮುಕಿಸುವುದು ನನ್ನ ಪಾಲಿನ ಕೆಲಸ. ಸರ್ಕಾರದ ಕೆಲಸವೇ ನನ್ನ ಕೈಯಲ್ಲಿದೆ ಎಂದು ಓಣಿಯ ಹುಡುಗಿಯರ ಮುಂದೆ ಜಂಬ ಕೊಚ್ಚುತ್ತಿದ್ದೆ.

ಒಂದು ದಿನ ಕೇಳಿದೆ, ಕರುವಿನ ರಸ ಹಚ್ಚಿದರೆ ಸಿಡುಬು ಹೇಗೆ ಬರುವುದಿಲ್ಲ ಎಂದು. ಅಕ್ಕೋರು ಬಟ್ಟೆ ಮಡಿಚುತ್ತಿದ್ದವರು ನಿಲ್ಲಿಸಿದರು.

“ನಮ್ಮ ಮೈಯಾಗ ಕಾವಲಿನೋರು ಅದಾರ ತಲ್ಲಿ. ಆದ್ರ ಮಲಗಿಬಿಟ್ಟಾರ. ಆಕಳಿಗೆ ಬರೋ ದೇವಿ ಸಣ್ಣಾಕಿ, ಪಾಪದಾಕಿ. ಬಂದು ಎಂಟು ದಿನ ಇದ್ದು ಅವರನ್ನ ಎಬ್ಬಿಸಿ ಹೋಗ್ತಾಳ. ಆಮ್ಯಾಲ ದೊಡ್ಡಾಕಿ ಬಂದ್ರ, ಇವ್ರು ಕೋಲು ಹಿಡಕೊಂಡು ಎದ್ದು ಕುಂತಿರ್ತಾರ.”

“ಮತ್ತ ನಿಮ್ಮ ಕಾವಲಿನೋರು?” ಎಂದೆ.

ಅವರು ತಮ್ಮ ಕೆನ್ನೆ ಮುಟ್ಟಿಕೊಂಡು ನಕ್ಕರು. “ನನ್ನೋರು ತಡಾ ಮಾಡಿ ಎದ್ರು. ಮನಿ ಲೂಟಿ ಆದ ಮ್ಯಾಲ.”

ನನಗೆ ಅದು ಕಥೆಯಂತೆ ಕೇಳಿಸಲಿಲ್ಲ. ದೇವರು ಮನುಷ್ಯರ ಮೈಯೊಳಗೂ ಕಾವಲು ಇಟ್ಟಿದ್ದಾನೆ ಎಂಬುದು ಅಂದಿನಿಂದ ಇಂದಿನವರೆಗೆ ನನಗೆ ಧೈರ್ಯ ಕೊಟ್ಟ ಮಾತು. ನಾಲ್ಕು ಮಕ್ಕಳ ಜ್ವರ, ದಡಾರ, ನಾಯಿಕೆಮ್ಮು, ಎಲ್ಲದರಲ್ಲೂ ಅದನ್ನೇ ನೆನೆದು ಕೂತಿದ್ದೇನೆ.

ಆ ಬೇಸಿಗೆ ಹೊಸಪೇಟೆಯ ಕಡೆ ಅಮ್ಮ ಬಂದಿದ್ದಾಳೆಂದು ಸುದ್ದಿ ಬಂತು. ಸಿಡುಬನ್ನು ನಾವು ಯಾರೂ ಸಿಡುಬು ಎನ್ನುತ್ತಿರಲಿಲ್ಲ, ಅಮ್ಮ ಎಂದೇ ಅನ್ನುತ್ತಿದ್ದೆವು. ನನ್ನ ತಂಗಿಗೆ ಆಗ ಹತ್ತು ತಿಂಗಳು, ಅಂಬೆಗಾಲು ಹಾಕುತ್ತಿದ್ದಳು. ಅಕ್ಕೋರು ನಮ್ಮ ಓಣಿಯ ಒಂಬತ್ತು ಕೂಸುಗಳನ್ನು ನಮ್ಮ ಕಟ್ಟೆಗೇ ಕರೆಸಿದರು. ಒಂದೊಂದು ತೋಳಿಗೂ ನಾಲ್ಕು ಕಡೆ ಗೀರಿ, ಸಣ್ಣ ಅಲಗಿನಿಂದ ರಸ ಸವರಿದರು. “ನೆರಳಾಗ ಆರಬೇಕು. ಇವತ್ತು ನೀರು ಹಾಕಬ್ಯಾಡ್ರಿ, ಅರಿಶಿಣ ಗಿರಿಶಿಣ ಹಚ್ಚಬ್ಯಾಡ್ರಿ” ಎಂದು ಪ್ರತಿ ತಾಯಿಗೂ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಅಕ್ಕೋರು ಮುಂದಿನ ಓಣಿಗೆ ಹೋದರು.

ನಮ್ಮಜ್ಜಿ ಮಡಿಯವಳು. ಅಕ್ಕೋರು ಎಂದರೆ ಅವಳಿಗೆ ಪ್ರೀತಿಯೇ. ರೊಟ್ಟಿ ಬಡಿದರೆ ಅವರಿಗೊಂದು ಎತ್ತಿಡುತ್ತಿದ್ದಳು. ಆದರೂ ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದಳು. ಆ ಅಲಗು ಊರಿನ ಎಲ್ಲ ಕೇರಿಯ ಕೂಸುಗಳ ಮೈ ಮುಟ್ಟಿ ಬಂದದ್ದು. ಅದು ಮುಟ್ಟಿದ ಕೂಸನ್ನು ಹಾಗೇ ದೇವರ ಕೋಣೆಯಿರುವ ಮನೆಯೊಳಗೆ ಬಿಡುವುದು ಹೇಗೆ? ಅವ್ವ ಹೊಲಕ್ಕೆ ಬುತ್ತಿ ಒಯ್ದಿದ್ದಳು. ಅಜ್ಜಿ ನನಗೆ ಹೇಳಿದಳು, “ಲೇ, ಬಚ್ಚಲಕ್ಕ ಒಯ್ದು ನೀರು ಹಾಕು. ತೋಳು ಚಲೋ ತಿಕ್ಕು.” ನಾನು ಸೀಗೆಪುಡಿ ಹಚ್ಚಿ ತಂಗಿಯ ಮೈ ತೊಳೆದೆ. ಗೀರಿದ್ದು ಉರಿದು ಚೀರಿದಳು. ಪಾಪ ಎನಿಸಿ ಅರಿಶಿಣವನ್ನೂ ಹಚ್ಚಿದೆ. ಓಣಿಯಲ್ಲಿ ಅಜ್ಜಿ ಹೇಳಿದಂತೆ ಎಲ್ಲರೂ ಮಾಡುತ್ತಿದ್ದರು. ಆ ಮಧ್ಯಾಹ್ನ ಒಂಬತ್ತೂ ಬಚ್ಚಲುಗಳಲ್ಲಿ ಕೂಸುಗಳು ಅಳುತ್ತಿದ್ದವು.

ಎಂಟನೆಯ ದಿನ ಗುಳ್ಳೆ ಎದ್ದಿದೆಯೋ ಇಲ್ಲವೋ ನೋಡುವುದು ಕ್ರಮ. ಎದ್ದರೆ ಕಾವಲಿನವರು ಎದ್ದಂತೆ. ಆ ಸಲ ಬಳ್ಳಾರಿಯಿಂದ ಇನ್‌ಸ್ಪೆಕ್ಟರರೇ ನೋಡಲು ಬಂದರು. ಒಂಬತ್ತು ತೋಳುಗಳಲ್ಲಿ ಒಂದರಲ್ಲೂ ಏನೂ ಇರಲಿಲ್ಲ. ಅವರು ಪಡಸಾಲೆಗೆ ಬಂದು ಗೋಣಿತಟ್ಟು ಬಿಚ್ಚಿಸಿದರು.

“ಇದೇನಮ್ಮ, ಸರ್ಕಾರದ ಔಷಧ ಬಾಳೆದಿಂಡಿನಾಗ? ಪಲ್ಯಾ ಮಾಡಾಕ ಇಟ್ಟೀಯೇನು? ಕೆಡಿಸಿಬಿಟ್ಟಿ ಎಲ್ಲಾ.”

ಅಕ್ಕೋರು ತಲೆ ತಗ್ಗಿಸಿ ನಿಂತಿದ್ದರು. ಇನ್‌ಸ್ಪೆಕ್ಟರರು ಹೆಂಗಸರ ಕಡೆ ತಿರುಗಿ, ಯಾರಾದರೂ ತೊಳೆದಿರಾ, ಏನಾದರೂ ಹಚ್ಚಿದಿರಾ ಎಂದು ಕೇಳಿದರು. “ಇಲ್ರೀ ಸಾಹೇಬ್ರ” ಎಂದರು ಎಲ್ಲರೂ. ಅಜ್ಜಿಯೂ ಅಂದಳು. ನಾನು ತಂಗಿಯನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದೆ. ಬಾಯಿ ತೆರೆದಿದ್ದರೆ ಸಾಕಿತ್ತು... ತೆರೆಯಲಿಲ್ಲ. ಅವರು ಕಾಗದದಲ್ಲಿ ಏನೋ ಬರೆದುಕೊಂಡರು. ಐದು ದಿನದೊಳಗೆ ಪೆಟ್ಟಿಗೆ ಒಪ್ಪಿಸಿ ರಾಯದುರ್ಗದ ಕಡೆ ಹೋಗಬೇಕೆಂದು ಅಕ್ಕೋರಿಗೆ ಹೇಳಿ ಹೊರಟರು.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಪಡಸಾಲೆಗೆ ಹೋಗಿ ಅತ್ತುಬಿಟ್ಟೆ. ನಾನೇ ತೊಳೆದೆ ಎಂದೆ. ಅಕ್ಕೋರು ಬೈಯಲಿಲ್ಲ.

“ಗೊತ್ತಿತ್ತು ತಲ್ಲಿ. ಅವತ್ತು ತಿರುಗಿ ಬಂದಾಗ ಕೂಸಿನ ತಲಿ ಸೀಗೆಪುಡಿ ವಾಸನಿ ಹೊಡಿತಿತ್ತು.”

“ಮತ್ತ್ಯಾಕ ಹೇಳ್ಲಿಲ್ರೀ ಅವರಿಗೆ?”

“ಹೇಳಿದ್ರ ನಿಮ್ಮಜ್ಜಿಗೆ ದಂಡಾ ಹಾಕ್ತಿದ್ರು. ಎಂಟು ಮನಿಗೂ ಹಾಕ್ತಿದ್ರು. ನಾಳಿ ನನ್ನಂಥಾಕಿ ಬಂದ್ರ ಯಾರು ಬಾಗಿಲಾ ತೆಗೀತಾರ? ನಾನು ಇಲ್ಲಿ ಇರೋದಕ್ಕಿಂತ ಬಾಗಿಲಾ ತೆಕ್ಕೊಂಡಿರೋದು ಮುಖ್ಯ.”

ಒಳಗೆ ದೇವರ ಮುಂದೆ ಬತ್ತಿ ಹೊಸೆಯುತ್ತ ಕೂತಿದ್ದ ಅಜ್ಜಿಗೆ ಇದೆಲ್ಲ ಕೇಳಿಸಿತ್ತು. ಅವಳು ಹೊರಗೆ ಬರಲಿಲ್ಲ. ಆದರೆ ಅಂದು ಉಣ್ಣಲೂ ಇಲ್ಲ.

ಬೆಳಿಗ್ಗೆ ಎದ್ದು ಅಜ್ಜಿ ಪಡಸಾಲೆಯ ಹೊಸ್ತಿಲಲ್ಲಿ ನಿಂತಳು. “ಇನ್ನೊಮ್ಮೆ ಹಾಕಾಕ ರಸ ಐತೇನು?” ಎಂದು ಕೇಳಿದಳು. ಇಲ್ಲ, ಹೊಸಪೇಟೆಯಿಂದ ತರಬೇಕು ಎಂದರು ಅಕ್ಕೋರು. ಅಪ್ಪ ಆಗಲೇ ಗಾಡಿ ಕಟ್ಟಿದ. ಹೊಸ ದಿಂಡು, ಹೊಸ ಗೋಣಿ. ಅಕ್ಕೋರು ಹೋಗಿ ಮಾರನೆಯ ದಿನ ಬಿಸಿಲೇರುವ ಮೊದಲೇ ವಾಪಸ್ಸು ಬಂದರು. ಅಷ್ಟರಲ್ಲಿ ಅಜ್ಜಿ ಓಣಿಯ ಪ್ರತಿ ಬಾಗಿಲಿಗೂ ಬೇವಿನ ಸೊಪ್ಪು ಕಟ್ಟಿಸಿದ್ದಳು. ಅಮ್ಮ ಬಂದ ಮನೆಯಲ್ಲಿ ಅವಳು ಇಳಿದು ಹೋಗುವವರೆಗೆ ಮೈಗೆ ನೀರು ಹಾಕುವುದಿಲ್ಲ, ಅದು ನಮ್ಮ ಕಡೆಯ ಪದ್ಧತಿ. ಅಜ್ಜಿ ಅದನ್ನೇ ಹಿಡಿದಳು.

“ಸಣ್ಣಾಕಿ ಆದ್ರೇನು, ಆಕಿನೂ ದೇವೀನ. ಎಂಟು ದಿನ ಮನ್ಯಾಗ ಇರ್ತಾಳ. ಕೂಸಿಗೆ ಒಂದು ಹನಿ ನೀರು ತಾಗಿಸಿದ್ರ ನೋಡ್ರಿ, ನಾನು ನಿಮ್ಮ ಕಟ್ಟಿ ತುಳಿಯಂಗಿಲ್ಲ!”

ಎದುರು ಮನೆಯ ಹೆಂಗಸು ಬಿಡಲಿಲ್ಲ. “ಮೊನ್ನಿ ನೀವಽ ಸ್ನಾನ ಮಾಡಸ್ರಿ ಅಂದ್ರಿ, ಇವತ್ತು ನೀವಽ ಬ್ಯಾಡ ಅಂತೀರಿ. ಯಾವುದು ಕೇಳೋಣ್ರೀ ದೊಡ್ಡಮ್ಮಾ?”

“ಮೊನ್ನಿ ನಾ ಕತ್ತೆ ಆಗಿದ್ದೆ. ಇವತ್ತು ಮನುಷ್ಯಾಳು ಆಗೀನಿ. ಇವತ್ತಿಂದು ಕೇಳು.”

ಅಷ್ಟು ಹೇಳಿ ಅಜ್ಜಿ ತಾನೇ ಹೋಗಿ ಅಕ್ಕೋರ ಎದುರು ಕೂತು ತೋಳು ಚಾಚಿದಳು. “ಮೊದಲ ನನಗ ಹಾಕು. ಈ ತೊಗಲಿನಾಗ ನಿನ್ನ ಅಲಗು ಇಳಿದ್ರ ಹಾಕು.” ಅಕ್ಕೋರು ನಕ್ಕರು, ಕಣ್ಣು ಒರೆಸಿಕೊಂಡು ನಕ್ಕರು. ಅಜ್ಜಿಯ ತೋಳು ಹಿಡಿದುಕೊಂಡೇ ಗೀರಿದರು. ಅಕ್ಕೋರು ನಮ್ಮ ಮನೆಗೆ ಬಂದ ಹನ್ನೊಂದು ತಿಂಗಳಲ್ಲಿ ಅವರಿಬ್ಬರು ಒಬ್ಬರನ್ನೊಬ್ಬರು ಮುಟ್ಟಿದ್ದು ಅಂದೇ ಮೊದಲು. ಆಮೇಲೆ ಕೂಸುಗಳು. ಒಬ್ಬೊಬ್ಬರಿಗೂ ಮೊದಲು ಅಲಗನ್ನು ಕುದಿಯುವ ನೀರಿಗೆ ಅದ್ದಬೇಕೆಂದು ಅಜ್ಜಿ ಹಟ ಹಿಡಿದಳು. “ಆಗ್ಲಿ ದೊಡ್ಡಮ್ಮಾರೇ, ಆದ್ರ ಆರಿಸಿ ಹಾಕ್ತೀನಿ, ಬಿಸಿ ತಾಗಿದ್ರ ರಸ ಸಾಯ್ತೈತಿ” ಎಂದು ಅಕ್ಕೋರು ಒಪ್ಪಿಕೊಂಡರು. ಎಂಟು ಕೂಸುಗಳಿಗೆ ಆಯಿತು. ಮೂಲೆಮನೆಯ ಕೂಸಿಗೆ ಜ್ವರವಿತ್ತು, ಜ್ವರದಲ್ಲಿ ಹಾಕಬಾರದು ಎಂದು ಅಕ್ಕೋರೇ ಬಿಟ್ಟರು. ಜ್ವರ ಇಳಿದ ಮೇಲೆ ಹಾಕೋಣ ಎಂದರು.

ಅಷ್ಟು ದಿನ ಸಿಗಲಿಲ್ಲ. ಮೂರನೆಯ ದಿನಕ್ಕೇ ಅವರ ಗಡುವು ಮುಗಿದಿತ್ತು. ಗಾಡಿ ಬಂದು ನಿಂತಾಗ ಅಕ್ಕೋರು ತಂಗಿಯನ್ನು ಎತ್ತಿಕೊಂಡು ಬೆಳಕಿಗೆ ಬಂದರು. ಅವಳ ತೋಳನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದರು. ಮೂರು ದಿನಕ್ಕೆ ಏನು ಕಾಣುತ್ತದೆ... ನಾಲ್ಕು ಒಣಗಿದ ಗೀರು, ಅಷ್ಟೇ. ಎದ್ದೀತು, ಏಳದೆಯೂ ಇದ್ದೀತು. ಕೂಸನ್ನು ನನ್ನ ಕೈಗೆ ಕೊಟ್ಟು, ನನ್ನ ತಲೆಯ ಮೇಲೆ ಒಂದು ಗಳಿಗೆ ಕೈ ಇಟ್ಟು, ಗಾಡಿ ಹತ್ತಿದರು. ಅಜ್ಜಿ ಅವರಿಗೆ ಉಡಿ ತುಂಬುವಂತಿರಲಿಲ್ಲ, ಗಂಡನಿಲ್ಲದವರು. ರೊಟ್ಟಿಯ ಗಂಟೊಂದನ್ನು ಅವರ ಕೈಯಲ್ಲೇ ಇಟ್ಟಳು.

ಐದನೆಯ ದಿನ ತಂಗಿಯ ತೋಳು ಕೆಂಪಾಯಿತು. ಎಂಟನೆಯ ದಿನ ನಾಲ್ಕೂ ಗುಳ್ಳೆಗಳು ಮುತ್ತಿನಂತೆ ತುಂಬಿ ನಿಂತಿದ್ದವು. ನೋಡಿ ಖುಷಿಪಡಬೇಕಾದವರು ಇರಲಿಲ್ಲ. ನಾನು ಅಭ್ಯಾಸದಂತೆ ಪಡಸಾಲೆಗೆ ಓಡಿ ಹೋಗಿ, ಖಾಲಿ ನೆಲ ನೋಡಿ ತಿರುಗಿ ಬಂದೆ.

ಮುಂದಿನ ತಿಂಗಳು ಅಮ್ಮ ನಮ್ಮ ಓಣಿಗೇ ಬಂದಳು. ಎದುರು ಮನೆಯ ದೊಡ್ಡವರೊಬ್ಬರು ಮಲಗಿದರು, ಬದುಕಿದರು. ನನ್ನ ತಂಗಿ ಅದೇ ಮನೆಯ ನಡುಮನೆಯಲ್ಲಿ ಅಂಬೆಗಾಲು ಹಾಕಿಕೊಂಡು ಓಡಾಡಿದಳು, ಒಂದು ಗುಳ್ಳೆಯೂ ಏಳಲಿಲ್ಲ. ಎಂಟೂ ಕೂಸುಗಳು ಉಳಿದವು. ಅಕ್ಕೋರ ಜಾಗಕ್ಕೆ ಬರಬೇಕಾದವರು ಬರುವುದು ತಡವಾಗಿತ್ತು. ಮೂಲೆಮನೆಯ ಕೂಸು ಉಳಿಯಲಿಲ್ಲ. ಅದರ ತಾಯಿ ಅಜ್ಜಿಯನ್ನು ಏನೂ ಅನ್ನಲಿಲ್ಲ, ನನ್ನನ್ನೂ ಅನ್ನಲಿಲ್ಲ. ಅಂದು ‘ಇಲ್ರೀ’ ಎಂದವರಲ್ಲಿ ಅವಳೂ ಒಬ್ಬಳು. ನಾನು ಅಂದು ಇನ್‌ಸ್ಪೆಕ್ಟರರ ಮುಂದೆ ಬಾಯಿ ತೆರೆದಿದ್ದರೆ ಅಕ್ಕೋರು ಊರಲ್ಲೇ ಇರುತ್ತಿದ್ದರೇನೋ, ಅದರ ಜ್ವರ ಇಳಿಯುವುದನ್ನು ಕಾಯುತ್ತಿದ್ದರೇನೋ... ಇದನ್ನು ದೇವರ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಮನುಷ್ಯರ ಮುಂದೆ ಹೇಳುತ್ತಿರುವುದು ಇದೇ ಮೊದಲು.

ಮದುವೆಯಾಗಿ ಹೊಸಪೇಟೆಯ ಡ್ಯಾಮಿನ ಕ್ವಾರ್ಟರ್ಸಿಗೆ ಬಂದ ಮೇಲೆ ಒಮ್ಮೆ ರಾಯದುರ್ಗಕ್ಕೆ ಮದುವೆಗೆ ಹೋಗಿದ್ದೆ. ಅಲ್ಲಿ ಮೂರು ಓಣಿ ತಿರುಗಿ, ಮೊದಲು ಇಲ್ಲಿ ದೇವಿ ಹಾಕುವ ಅಕ್ಕೋರೊಬ್ಬರು ಇದ್ದರಲ್ಲ, ಮುಖದ ಮೇಲೆ ಗುಳಿಗಳಿದ್ದವು ಎಂದು ಕೇಳಿದೆ. ಹೆಸರೇನು ಎಂದರು. ಅಷ್ಟು ದಿನ ಅವರ ಹಿಂದೆ ಬಾಲದಂತೆ ತಿರುಗಿದರೂ ಒಂದು ದಿನವೂ ಅವರ ಹೆಸರು ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಈಗ ಆ ರೋಗವೇ ಲೋಕದಲ್ಲಿಲ್ಲವಂತೆ. ನನ್ನ ಮೊಮ್ಮಕ್ಕಳ ತೋಳುಗಳಲ್ಲಿ ದೇವಿ ಹಾಕಿದ ಗುರುತಿಲ್ಲ, ಅದೂ ಭಗವಂತನ ದಯೆಯೇ. ತಂಗಿ ಕಂಪ್ಲಿಯಲ್ಲೇ ಇದ್ದಾಳೆ, ಮಂಡಿನೋವು ಒಂದು ಬಿಟ್ಟರೆ ಗಟ್ಟಿಯಾಗಿದ್ದಾಳೆ. ಅಕ್ಕೋರ ಮಾತು ತೆಗೆದರೆ ಸುಮ್ಮನೆ ನಗುತ್ತಾಳೆ. ಹತ್ತು ತಿಂಗಳ ಕೂಸಿಗೆ ಯಾರ ನೆನಪು ಇದ್ದೀತು. ಅಜ್ಜಿ, ಅಪ್ಪ, ಅವ್ವ ಎಲ್ಲರೂ ಹೋದರು. ಅಕ್ಕೋರನ್ನು ಕಣ್ಣಾರೆ ಕಂಡವಳು ಇನ್ನು ನಾನೊಬ್ಬಳೇ.

ಅವರು ಎಲ್ಲೇ ಇದ್ದಿರಲಿ, ರಾಯದುರ್ಗದಲ್ಲೋ ಇನ್ನೆಲ್ಲೋ ಯಾರದೋ ಪಡಸಾಲೆಯಲ್ಲಿ ಕೂತು, ಕಂಪ್ಲಿಯ ಆ ಕೂಸುಗಳಿಗೆ ಎದ್ದಿತೋ ಇಲ್ಲವೋ ಎಂದು ಒಮ್ಮೆಯಾದರೂ ಯೋಚಿಸಿರಬೇಕು. ಒಂದು ಕಾಗದ ಹಾಕಲು ನಮಗ್ಯಾರಿಗೂ ಹೊಳೆಯಲಿಲ್ಲ. ನಾಲ್ಕೂ ಎದ್ದಿದ್ದವು ಎಂಬ ಒಂದು ಮಾತು ಅವರಿಗೆ ಮುಟ್ಟಬೇಕಿತ್ತು. ಮುಟ್ಟಲಿಲ್ಲ.