ಹೆಸರಿಲ್ಲದ ಫೋಲ್ಡರಿನ ಜೋಗುಳ

ದೆವ್ವ, ಮಾಟ, ಶಕುನ ಇಂಥ ಮಾತು ಶುರುವಾದರೆ ಎದ್ದು ಅಡುಗೆಮನೆಗೆ ಹೋಗುವ ಪೈಕಿ ನಾನು. ಶಿವಮೊಗ್ಗದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು. ಮಷೀನಿನಲ್ಲಿ ಏನೇ ವಿಚಿತ್ರ ನಡೆದರೂ ಅದರ ಹಿಂದೆ ಯಾರದೋ ಬೆರಳು ಇದ್ದೇ ಇರುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ಈಗಲೂ ಹೇಳುತ್ತೇನೆ. ಆದರೆ ಕೆಲವು ವರ್ಷಗಳ ಹಿಂದೆ ಭದ್ರಾವತಿಯಲ್ಲಿ ಅಕ್ಕನ ಮನೆಯಲ್ಲಿ ಒಂದು ಮಧ್ಯಾಹ್ನ ನಡೆದದ್ದರ ಹಿಂದೆ ಯಾರ ಬೆರಳಿತ್ತು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಉತ್ತರವಿಲ್ಲ ಎಂಬುದಕ್ಕೇ ನನಗೆ ಇವತ್ತಿಗೂ ಸಿಟ್ಟು.

ಅಕ್ಕನ ವಿಷಯ ಮೊದಲು ಹೇಳಬೇಕು. ಭಾವ ಕಾರ್ಖಾನೆಯಲ್ಲಿದ್ದವರು, ಅವರದು ಕ್ವಾರ್ಟರ್ಸಿನ ಮನೆ. ಅಲ್ಲಿಯ ಭಜನಾ ಮಂಡಳಿಗೆ ಅಕ್ಕನ ದನಿಯೇ ಆಧಾರ. ಅವಳು ಎತ್ತಿಕೊಟ್ಟರೆ ಮಿಕ್ಕವರು ಹಾಡುವುದು. ಅಂಥವಳಿಗೆ ಥೈರಾಯ್ಡ್ ಆಪರೇಷನ್ ಆದ ಮೇಲೆ ದನಿ ಹೋಯಿತು. ನಿಧಾನಕ್ಕೆ ಬರುತ್ತದೆ ಎಂದರು, ಬರಲಿಲ್ಲ. ಕಿವಿಗೊಟ್ಟು ಕೇಳಿದರೆ ತಿಳಿಯುವಷ್ಟು ಪಿಸುಮಾತು ಮಾತ್ರ ಉಳಿಯಿತು.

ಅದಾಗಿ ಕೆಲವು ತಿಂಗಳಿಗೆ ಅವಳ ಮಗಳು ಬಾಣಂತನಕ್ಕೆ ಬಂದಳು, ಹೆಣ್ಣು ಮಗು ಹುಟ್ಟಿತು. ನಮ್ಮ ಮನೆಗಳಲ್ಲಿ ತೊಟ್ಟಿಲಿಗೆ ಹಾಕುವ ದಿನ ಮಗುವಿನ ಹೊಸ ಹೆಸರನ್ನು ಸೇರಿಸಿ ಜೋಗುಳ ಹಾಡುತ್ತಾರೆ, ಹಾಡುವವಳು ತಾಯಿಯ ತಾಯಿ. ಮೊದಲು ಬೇರೆ ಹೆಸರು ಗೊತ್ತುಮಾಡಿದ್ದರು. ಪುರೋಹಿತರು ನಕ್ಷತ್ರದ ಅಕ್ಷರ ಬೇರೆ ಎಂದದ್ದರಿಂದ ಅದೇ ಬೆಳಿಗ್ಗೆ ಚರ್ಚೆಯಾಗಿ ಮೇದಿನಿ ಎಂದು ಇಟ್ಟರು. ಹಾಡುವ ಹೊತ್ತಿಗೆ ಎಲ್ಲರೂ ಅಕ್ಕನ ಮುಖ ನೋಡಿದರು, ಅಕ್ಕ ನೆಲ ನೋಡಿದಳು. ಆಗ ಬೀಗರ ಕಡೆಯ ಒಬ್ಬ ಹೆಂಗಸು ಮೊಬೈಲಿನಲ್ಲಿ ಯಾವುದೋ ಜೋಗುಳ ಜೋರಾಗಿ ಹಾಕಿ, "ಇದೇ ಚೆನ್ನಾಗಿದೆ ಬಿಡಿ, ಹಾಡೋ ರಗಳೆ ಯಾಕೆ" ಎಂದಳು. ಆ ಮೊಬೈಲನ್ನು ಕಿತ್ತು ಬಾವಿಗೆ ಎಸೆಯಬೇಕು ಅನ್ನಿಸಿತು. ಶುಭಕಾರ್ಯ ಎಂದು ಹಲ್ಲು ಕಚ್ಚಿಕೊಂಡು ಕೂತೆ.

ಅಕ್ಕನ ಹಳೆಯ ದನಿ ಉಳಿದಿದ್ದದ್ದು ಒಂದೇ ಒಂದು ಪೆನ್‌ಡ್ರೈವಿನಲ್ಲಿ. ಮಂಡಳಿಯ ಹೆಂಗಸರು ತಮ್ಮ ತಮ್ಮ ಫೋನುಗಳಲ್ಲಿ ಹಿಡಿದದ್ದನ್ನೆಲ್ಲ ಅದರಲ್ಲಿ ತುಂಬಿಸಿಟ್ಟು ಫೋನುಗಳಿಂದ ಅಳಿಸಿಬಿಟ್ಟಿದ್ದರು. ಅದಕ್ಕೆ ಅವರು ಇಟ್ಟ ಹೆಸರು 'ತಾಯಿ'. ಪ್ರತಿ ಶುಕ್ರವಾರ ಭಜನೆ ಯಾರ ಮನೆಯಲ್ಲೋ ಆ ಮನೆಗೆ ತಾಯಿ ಹೋಗಬೇಕು, ಅರಿಶಿನ ಕುಂಕುಮದ ತಟ್ಟೆಯಲ್ಲೇ ಇಟ್ಟು ಕೊಡುವುದು. ಹೊಸದಾಗಿ ಸೇರಿದವಳು ತನ್ನ ಪೆನ್‌ಡ್ರೈವಿಗೆ ಹಾಡು ತುಂಬಿಸಿಕೊಳ್ಳಬೇಕಾದರೆ ತಾಯಿಯನ್ನು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗಬೇಕು. ಒಬ್ಬರ ನಕಲಿನಿಂದ ಇನ್ನೊಬ್ಬರು ನಕಲು ಮಾಡಿಕೊಂಡರೆ ಮೂಲದ ಪುಣ್ಯ ಬರುವುದಿಲ್ಲವಂತೆ. ಹಾಗೆ ಮಾಡಿಕೊಂಡ ನಕಲುಗಳೂ ಒಂದೊಂದಾಗಿ ಕೆಟ್ಟುಹೋಗಿದ್ದವು. ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಡಿ ಎಂದು ನಾನು ಬಾಯಿ ನೋಯುವಷ್ಟು ಹೇಳಿದ್ದೆ. ಯಾರು ಕೇಳಬೇಕು?

ಮೇದಿನಿಯ ಮೊದಲ ಹುಟ್ಟುಹಬ್ಬ ಹತ್ತಿರ ಬಂದಾಗ ಅಕ್ಕನ ಹಾಡುಗಳನ್ನು ಅವತ್ತು ಮನೆಯಲ್ಲಿ ಹಾಕಬೇಕೆಂದು ಭಾವನಿಗೆ ಆಸೆಯಾಯಿತು. ತಾಯಿಯನ್ನು ತರಿಸಿ ಮನೆಯ ಕಂಪ್ಯೂಟರಿಗೆ ಹಾಕಿ ನೋಡಿದರೆ ಫೋಲ್ಡರುಗಳ ಮೇಲೆಲ್ಲ ಸಣ್ಣ ಬಾಣದ ಗುರುತು, ಒತ್ತಿದರೆ ಹಾಡಿಲ್ಲ. ಅದೇ ಜೆರಾಕ್ಸ್ ಅಂಗಡಿಗೆ ಒಯ್ದರು. ಅಲ್ಲಿಂದಲೇ ನನಗೆ ಫೋನ್ ಮಾಡಿ, ವೈರಸ್ ತಿಂದುಬಿಟ್ಟಿದೆಯಂತೆ, ಅಂಗಡಿಯವನು ಫಾರ್ಮ್ಯಾಟ್ ಮಾಡಿ ಕೊಡುತ್ತಾನಂತೆ ಎಂದು ಸಮಾಧಾನವಾಗಿ ಹೇಳಿದರು. ಫಾರ್ಮ್ಯಾಟ್ ಎಂದರೆ ಅಳಿಸಿಹಾಕುವುದು. ಮೊಮ್ಮಗಳು ಅಜ್ಜಿಯ ದನಿ ಕೇಳಲು ಇದ್ದ ಒಂದೇ ದಾರಿಯನ್ನು ಅವನು ಒಂದು ಬಟನ್ ಒತ್ತಿ ಮುಗಿಸುವವನಿದ್ದ.

"ಭಾವ, ಅದನ್ನ ಮೊದಲು ಕಿತ್ತು ಜೇಬಲ್ಲಿ ಇಟ್ಕೊಳಿ. ನಾನು ಬರೋವರೆಗೂ ಯಾರ ಕೈಗೂ ಕೊಡಬೇಡಿ" ಎಂದು ಕಾಲೇಜಿನ ಕಾರಿಡಾರಿನಲ್ಲೇ ಕೂಗಾಡಿದೆ.

ಲ್ಯಾಪ್‌ಟಾಪ್ ಹೆಗಲಿಗೇರಿಸಿ ಬಸ್ಸು ಹತ್ತಿದೆ. ಮಲವಗೊಪ್ಪದ ಹತ್ತಿರ ಲಾರಿಯೊಂದು ಅಡ್ಡ ನಿಂತು ಬಸ್ಸು ಕದಲಲಿಲ್ಲ. ಆ ಲಾರಿಯವನಿಗೂ ನನ್ನ ಪಾಲಿನ ಬೈಗುಳ ಮನಸ್ಸಿನಲ್ಲೇ ಸಂದಾಯವಾಯಿತು. ಇಳಿದು ಸೀದಾ ಅಂಗಡಿಗೆ ಹೋದೆ. ಭಾವ ಜೇಬಿನ ಮೇಲೆ ಕೈಯಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದರು.

ಅಂಗಡಿಯವನಿಗೆ ಒಂದಿಷ್ಟೂ ಬೇಸರವಿಲ್ಲ. "ಮೇಡಂ, ಬಾಣ ಬಂದಿದ್ದೆಲ್ಲ ಖರಾಬ್ ಆದಂಗೇ. ನಾನು ಎಲ್ರಿಗೂ ಫಾರ್ಮ್ಯಾಟೇ ಹೊಡೆದು ಕೊಡೋದು" ಎಂದ.

ಎಲ್ಲರಿಗೂ. ಎಷ್ಟು ಮನೆಯ ಮದುವೆ ಫೋಟೊ, ಎಷ್ಟು ಹುಡುಗರ ಪ್ರಾಜೆಕ್ಟು ಈ ಮಹಾನುಭಾವನ ಕೈಯಲ್ಲಿ ಮಣ್ಣುಪಾಲಾಗಿತ್ತೋ. ರೋಗ ಇದ್ದದ್ದೇ ಅವನ ಕಂಪ್ಯೂಟರಿನಲ್ಲಿ. ಊರಿನ ಪೆನ್‌ಡ್ರೈವುಗಳೆಲ್ಲ ಅಲ್ಲಿಗೇ ಬಂದು ಅಂಟಿಸಿಕೊಂಡು ಹೋಗುತ್ತಿದ್ದವು. ಅಷ್ಟು ಜನರ ಮುಂದೆ ಅವನಿಗೆ ಏನೇನು ಅಂದೆನೋ ನನಗೆ ನೆನಪಿಲ್ಲ. ಭಾವ ನನ್ನ ಕೈ ಹಿಡಿದು ಹೊರಗೆ ಕರೆತಂದರು.

ನಾವು ಎಲ್ಲಕ್ಕೂ ವೈರಸ್ ಎಂದುಬಿಡುತ್ತೇವೆ. ಇದು ವರ್ಮ್, ಹುಳ. ಇದು ನಿಮ್ಮ ಫೈಲುಗಳನ್ನು ತಿನ್ನುವುದಿಲ್ಲ, ಬಚ್ಚಿಡುತ್ತದೆ. ಹೆಸರಿಲ್ಲದ ಒಂದು ಫೋಲ್ಡರು ಮಾಡಿ ಎಲ್ಲವನ್ನೂ ಅದರೊಳಗೆ ನೂಕಿ, ಕಣ್ಣಿಗೆ ಕಾಣದಂತೆ ಮಾಡುತ್ತದೆ. ನಿಮ್ಮ ಫೋಲ್ಡರಿನದೇ ಹೆಸರಿನ ಸುಳ್ಳು ಫೋಲ್ಡರನ್ನು ಬಾಣದ ಗುರುತಿನೊಂದಿಗೆ ಮುಂದೆ ನಿಲ್ಲಿಸುತ್ತದೆ. ನೀವು ಅದನ್ನು ಒತ್ತಿದಿರೋ, ಹುಳ ನಿಮ್ಮ ಕಂಪ್ಯೂಟರಿನೊಳಗೆ ಸೇರಿ, ಮುಂದೆ ಚುಚ್ಚುವ ಪ್ರತಿ ಪೆನ್‌ಡ್ರೈವಿಗೂ ಹತ್ತುತ್ತದೆ. ಆದ್ದರಿಂದ ಬಾಣ ಕಂಡರೆ ಒತ್ತಬಾರದು, ಗಾಬರಿಯಿಂದ ಅಳಿಸಲೂಬಾರದು. ಇಷ್ಟು ತಿಳಿದುಕೊಳ್ಳಲು ಯಾವ ಡಿಗ್ರಿಯೂ ಬೇಡ.

ಅಕ್ಕನ ಮನೆಯ ಊಟದ ಮೇಜಿನ ಮೇಲೆ ಕೆಲಸ ಶುರುಮಾಡಿದೆ. ಮೊದಲು ಭಾವನ ಕಂಪ್ಯೂಟರಿನಲ್ಲಿ ಓಡುತ್ತಿದ್ದ ಹುಳವನ್ನು ನಿಲ್ಲಿಸಿ, ಅದು ಮತ್ತೆ ತಾನಾಗಿ ಏಳದಂತೆ ಬೇರು ಕಿತ್ತೆ. ಆಮೇಲೆ ತಾಯಿಯನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ, ಏನನ್ನೂ ತೆರೆಯದೆ, ಬಾಣದ ಸುಳ್ಳು ಫೋಲ್ಡರುಗಳನ್ನೂ ಹುಳದ ಫೈಲನ್ನೂ ತೆಗೆದೆ. ಬಚ್ಚಿಟ್ಟದ್ದನ್ನು ಕಾಣಿಸುವ ಕಮಾಂಡ್ ಕೊಟ್ಟೆ. ಹೆಸರಿಲ್ಲದ ಫೋಲ್ಡರು ಮೇಲೆ ಬಂತು. ತೆರೆದರೆ ಹಾಡುಗಳೆಲ್ಲ ಇದ್ದವು.

ಒಂದೊಂದಾಗಿ ಹಾಕಿದೆ. ಅಕ್ಕ ಪಕ್ಕದಲ್ಲಿ ಕೂತು ತನ್ನದೇ ದನಿಯನ್ನು ಬೇರೆಯವರದ್ದೆಂಬಂತೆ ಕೇಳುತ್ತಿದ್ದಳು. ಭಾವ ಕಣ್ಣೊರೆಸಿಕೊಂಡು ಕಾಫಿಗಿಡಲು ಎದ್ದರು. ಕೊನೆಯಲ್ಲೊಂದು ಫೈಲಿತ್ತು, ಅದಕ್ಕೂ ಹೆಸರಿಲ್ಲ. ಒತ್ತಿದೆ.

ತೊಟ್ಟಿಲ ಸರಪಳಿ ಕಿರುಗುಟ್ಟುವ ಸದ್ದು. ಜನರ ಗುಜುಗುಜು. ಹಿಂದೆಲ್ಲೋ ಮೊಬೈಲಿನ ಆ ದರಿದ್ರ ಜೋಗುಳ. ಅದರ ಮೇಲೆ ಅಕ್ಕನ ದನಿ, ಆಪರೇಷನ್ನಿಗಿಂತ ಮೊದಲಿನ ತುಂಬು ದನಿ, ಜೋ ಜೋ ಮೇದಿನಿ ಎಂದು ಹಾಡುತ್ತಿತ್ತು. ಭಾವ ಒಲೆಯ ಮೇಲೆ ಹಾಲು ಬಿಟ್ಟು ಬಾಗಿಲಲ್ಲಿ ಬಂದು ನಿಂತರು. ಹಾಲು ಉಕ್ಕಿ ಸುಟ್ಟ ವಾಸನೆ ಬಂದರೂ ಮೂವರಲ್ಲಿ ಯಾರೂ ಕದಲಲಿಲ್ಲ.

ನಾನು ಸುಮ್ಮನೆ ಬಿಡುವವಳಲ್ಲ. ಫೈಲಿನ ತಾರೀಕು ನೋಡಿದೆ, ತೊಟ್ಟಿಲ ಶಾಸ್ತ್ರದ ದಿನದ್ದೇ. ಅಕ್ಕನ ಅಳಿಯ ಅವತ್ತು ತೆಗೆದಿದ್ದ ವಿಡಿಯೊ ತರಿಸಿದೆ. ಅದರಲ್ಲೂ ಅದೇ ಸರಪಳಿ, ಅದೇ ಮೊಬೈಲು, ನಡುವೆ ಯಾರೋ ಕೆಮ್ಮಿದ್ದೂ ಅದೇ ಜಾಗದಲ್ಲಿ. ಆದರೆ ಅಕ್ಕ ತೊಟ್ಟಿಲ ಪಕ್ಕದಲ್ಲಿ ತುಟಿ ಮುಚ್ಚಿಕೊಂಡು ಕೂತಿದ್ದಾಳೆ. ಯಾರ ದನಿಯನ್ನು ಬೇಕಾದರೂ ಮಷೀನಿನಲ್ಲಿ ಹುಟ್ಟಿಸುವ ಈಗಿನ ಆಟ ಆಗ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಮಂಡಳಿಯ ಒಬ್ಬೊಬ್ಬರನ್ನೂ ಕೇಳಿದೆ. ಕೊನೆಗೆ ಮರ್ಯಾದೆ ಬಿಟ್ಟು ಆ ಅಂಗಡಿಯವನನ್ನೂ ಕೇಳಿದೆ. ಅವನು ನನ್ನನ್ನು ಕಂಡೊಡನೆ ಎರಡು ಹೆಜ್ಜೆ ಹಿಂದೆ ಸರಿದ.

ಅಕ್ಕನನ್ನು ಕೇಳಿದ್ದು ಎಲ್ಲರಿಗಿಂತ ಕೊನೆಗೆ. ಯಾವಾಗ ಹಾಡಿದೆ, ನಿಜ ಹೇಳು ಎಂದು ಗದರಿದೆ. ಅವಳ ಪಿಸುಮಾತು ಕೇಳಲು ಹತ್ತಿರ ಬಾಗಬೇಕಾಯಿತು.

"ಬಾಯಲ್ಲಿ ಬರಲಿಲ್ಲ ಮಾರಾಯ್ತಿ. ಮನಸ್ಸಲ್ಲೇ ಹಾಡ್ಕೊಂಡೆ. ಪೂರ್ತಿ ಹಾಡ್ಕೊಂಡೆ."

ಅಷ್ಟು ಹೇಳಿ ಅವಳು ಮಗುವಿನ ಬಟ್ಟೆ ಮಡಚಲು ಹೋದಳು. ಅವಳಿಗೆ ಆಶ್ಚರ್ಯವೇ ಇರಲಿಲ್ಲ. ಅದು ನನ್ನನ್ನು ಇನ್ನಷ್ಟು ಕೆರಳಿಸಿತು.

ಮುಂದಿನ ವಾರವೇ ಮಂಡಳಿಯವರು ತಾಯಿಯನ್ನು ಮತ್ತೆ ಅದೇ ಅಂಗಡಿಗೆ ಒಯ್ದು ಹುಳ ಹತ್ತಿಸಿಕೊಂಡು ಬಂದರು. ಮತ್ತೆ ಹೋಗಿ ಬೈದು ತೆಗೆದೆ. ಹುಳದ ಕೋಡಿನ ಒಂದೊಂದು ಸಾಲೂ ನನಗೆ ಗೊತ್ತು, ಅದು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದೂ ಗೊತ್ತು. ಹಾಡನ್ನು ಬಚ್ಚಿಡಬಲ್ಲದು. ಹಾಡದೇ ಇದ್ದದ್ದನ್ನು ಬಚ್ಚಿಡಲು ಅದಕ್ಕೆ ಬರುವುದಿಲ್ಲ.

ಆ ಫೈಲು ಈಗಲೂ ನನ್ನ ಹತ್ತಿರ ಇದೆ. ಮೇದಿನಿ ಶಾಲೆಗೆ ಹೋಗುತ್ತಾಳೆ. ಶಿವಮೊಗ್ಗದ ಗೋಪಾಳ ಬಡಾವಣೆಯ ನಮ್ಮ ಮನೆಗೆ ಬಂದಾಗಲೆಲ್ಲ, "ಚಿಕ್ಕಜ್ಜಿ, ಅಜ್ಜಿ ನನ್ ಹೆಸರು ಹಾಡಿರೋದು ಹಾಕಿ" ಅನ್ನುತ್ತಾಳೆ. ಹಾಕುತ್ತೇನೆ. ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಾಳೆ. ನನಗೆ ಪ್ರತಿ ಸಲವೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ತಿಳಿಯುವುದಿಲ್ಲ.