ತಿದ್ದುಪಡಿಯ ನೆಂಟರು

‘ತಪ್ಪಿಗಿರೋಷ್ಟು ನೆಂಟರು ತಿದ್ದುಪಡಿಗಿಲ್ಲ ಮಾರಾಯ’ ಎಂದೋ, ಸುಮಾರು ಹಾಗೆಯೇ ಏನೋ ಗಿರಿಜಾ ಒಮ್ಮೆ ಅಂದಿದ್ದಳು. ಇವತ್ತು ಶಿಕಾರಿಪುರದ ಫ್ಲೆಕ್ಸ್ ಅಂಗಡಿಯಲ್ಲಿ ಅದು ನೆನಪಾಯಿತು, ಗೆಳೆಯರೇ.

ಸೊರಬದ ಗಿರಿಜಾ ನನ್ನ ಸಹಪಾಠಿ, ಸಸ್ಯಗಳ ಜೀನುಗಳನ್ನು ಅಭ್ಯಸಿಸಿದ ವಿಜ್ಞಾನಿ. ತೀರಿಕೊಂಡು ನಾಳೆಗೆ ವರ್ಷ. ನೀರಿನಲ್ಲಿ ಮುಳುಗಿದ ಭತ್ತವನ್ನು ಉಳಿಸುವ ಜೀನು ಸಿಕ್ಕಿದೆಯೆಂದು ಅವಳು ಬರೆದ ಪ್ರಬಂಧವನ್ನು ದೇಶವಿದೇಶದವರು ಇಂದಿಗೂ ಉಲ್ಲೇಖಿಸುತ್ತಾರೆ. ಕೆಲವು ವರ್ಷಗಳ ನಂತರ, ಆ ಜೀನಿಗೆ ಅಂಥ ಗುಣವೇ ಇಲ್ಲ, ತನ್ನ ಪ್ರಯೋಗವೇ ತಪ್ಪಿತ್ತು ಎಂದು ಅವಳೇ ಇನ್ನೊಂದು ಪ್ರಬಂಧ ಬರೆದಳು. ಅದನ್ನು ಯಾರೂ ಉಲ್ಲೇಖಿಸಲಿಲ್ಲ.

ಅವಳ ಅಣ್ಣ ಬಸಣ್ಣನಿಗೆ ಶಿಕಾರಿಪುರದಲ್ಲಿ ಗೊಬ್ಬರದ ಅಂಗಡಿಯಿದೆ. ತಂಗಿ ಓದಿದ ಸೊರಬದ ಶಾಲೆಯ ಮುಂದೆ ನಾಳೆ ಕಟ್ಟಲು ಬ್ಯಾನರ್ ಮಾಡಿಸುತ್ತಿದ್ದ; ಮೇಷ್ಟ್ರೆಂದು ನನ್ನನ್ನೂ ಜೊತೆಗೆ ಕರೆದಿದ್ದ.

‘ಮೇಷ್ಟ್ರೇ, ಸಾಲು ನೋಡ್ರಿ. “ಮುಳುಗಿದ ಭತ್ತವನ್ನು ಉಳಿಸಿದ ವಿಜ್ಞಾನಿ.” ಚಲೋ ಐತಲ್ರೀ?’

‘ಅದು ತಪ್ಪು ಅಂತ ಅವಳೇ ಬರೆದಿದ್ದಾಳೆ ಬಸಣ್ಣ. ಅವಳ ದೊಡ್ಡ ಕೆಲಸ ಆ ತಿದ್ದುಪಡಿಯೇ.’

ಅವನು ಪರದೆಯ ಮೇಲಿದ್ದ ತಂಗಿಯ ಮುಖವನ್ನೇ ನೋಡುತ್ತ ನಿಂತ.

‘ಸತ್ತ ತಂಗಿ ಫೋಟೊ ಕೆಳಗೆ, ತಪ್ಪು ಮಾಡಿದ್ಲು ಅಂತ ಹಾಕಿಸ್ಲೇನ್ರೀ? ಅಷ್ಟು ಜನ ಅವಳ ಹೆಸರು ಬರೀತಾರಲ್ಲ, ಅವರೆಲ್ಲ ಹುಚ್ಚರೇನ್ರೀ?’

ಕಂಪ್ಯೂಟರಿನ ಮುಂದಿದ್ದ ಹೆಂಗಸು ತಿರುಗದೆಯೇ ಅಂದಳು: ‘ಬೇಗ ಹೇಳ್ರಿ ಸರ್, ಕರೆಂಟ್ ಹೋದ್ರೆ ಇವತ್ತು ಪ್ರಿಂಟ್ ಸಿಗಲ್ಲ.’

‘ಹಾಗೇ ಇರಲಿ’ ಎಂದೆ. ಬಸಣ್ಣ ಕಣ್ಣೊರೆಸಿಕೊಂಡ. ಮೊದಲ ಪ್ರಬಂಧಕ್ಕೆ ಇನ್ನೊಂದು ಉಲ್ಲೇಖ ಸೇರಿತು, ಅದೂ ಬಣ್ಣದಲ್ಲಿ.

ಗಿರಿಜಾ, ನಿನ್ನ ತಪ್ಪಿನ ನೆಂಟರಲ್ಲಿ ಇನ್ನು ನನ್ನನ್ನೂ ಎಣಿಸುತ್ತೀಯಾ?